ಶಾಲು ಆಗಸ್ಟಿಗೆ, ಫೀಸು ಮೇ ತಿಂಗಳಿಗೆ!

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಮಂಗಳೂರಿನ ಯಾವ ಸರ್ವಿಸ್ ಬಸ್ ಹತ್ತಿದರೂ ಮಾತು ಒಂದೇ. ಯಾರ ಮಗಳಿಗೆ ಎಷ್ಟು, ಯಾರ ಮಗ ಯಾವ ಕಾಲೇಜಿಗೆ, ಸಯನ್ಸೋ ಕಾಮರ್ಸೋ. 2024ರಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಶೇಕಡಾ 91.12 ಪಾಸು ಮಾಡಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಅಕ್ಕಪಕ್ಕದ ಎರಡು ಜವಳಿ ಅಂಗಡಿಗಳ ಪೈಪೋಟಿಯ ಹಾಗೆ! ಸಂತೋಷವೇ. ಆದರೆ ಪಾಸಾದ ಈ ಮಕ್ಕಳೆಲ್ಲ ಮುಂದಿನ ಬಾಗಿಲು ದಾಟುತ್ತಾರೆಯೇ ಅಂತ ಕೇಳಿದರೆ ಬಸ್ಸಿನಲ್ಲಿ ಮಾತು ಸ್ವಲ್ಪ ಕಡಿಮೆಯಾಗುತ್ತದೆ.

ಈ ಬಾಗಿಲ ಹತ್ತಿರ ಕೈಹಿಡಿಯಲು ನಿಂತವರಲ್ಲಿ ನಮ್ಮ ಊರಿನ ಚರ್ಚುಗಳೂ ಇವೆ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಕಾರ್ಯದರ್ಶಿಗಳು ಮೈಕಿನ ಮುಂದೆ ಬಂದು ಓದುತ್ತಾರೆ: ಎಸ್ಸೆಸ್ಸೆಲ್ಸಿ, ಪಿಯುಸಿ ಪಾಸಾದ ನಮ್ಮ ಚರ್ಚಿನ ಮಕ್ಕಳು ಅಂಕಪಟ್ಟಿಯ ಜೆರಾಕ್ಸ್ ಪ್ರತಿಯನ್ನು ಇಂಥ ತಾರೀಕಿನೊಳಗೆ ಕಚೇರಿಗೆ ಕೊಡತಕ್ಕದ್ದು. ಆ ಮೇಲೆ ಒಂದು ದಿನ ಹಾಲ್‌ನಲ್ಲಿ ಸಭೆ, ಕುರ್ಚಿ, ಹೂವು, ಸ್ಮರಣಿಕೆ, ಲಕೋಟೆ, ಫೋಟೋ. ಪ್ರೊಟೆಸ್ಟಂಟ್ ಸಭೆಗಳಲ್ಲೂ ಕ್ರಮ ಹೆಚ್ಚುಕಡಿಮೆ ಇದೇ. ಒಳ್ಳೆಯ ಕೆಲಸ. ಟೀಕಿಸಲಿಕ್ಕೆ ಹೊರಟವನಲ್ಲ ನಾನು. ಆದರೆ ಒಂದು ಲೆಕ್ಕ ಮಾತ್ರ ಹೊಂದಿಬರುವುದಿಲ್ಲ, ಅದನ್ನು ಹೇಳಲೇಬೇಕು.

ಮೊದಲು ಒಂದು ಹಳೆಯ ಮಾತು. ಓದಿನ ವಿಷಯದಲ್ಲಿ ಕರಾವಳಿಯವರು ಸರಕಾರ ಕೊಡಲಿ ಅಂತ ಕಾದು ಕೂತವರಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಕೆಲವೇ ವರ್ಷಗಳಲ್ಲಿ ಶಾಲೆ ತೆರೆದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು. ಕಟ್ಟಿದವರು ಇಟೆಲಿಯಿಂದ ಬಂದ ಪಾದ್ರಿಗಳು, ಗುಡ್ಡದ ಜಾಗ ಕೊಟ್ಟವರು ಊರಿನವರೇ. 1921ರಲ್ಲಿ ಹೆಣ್ಣುಮಕ್ಕಳಿಗೆ ಸಂತ ಆಗ್ನೆಸ್ ಬಂತು. ಅತ್ತ 1891ರಲ್ಲಿ ಕೆನರಾ ಹೈಸ್ಕೂಲು, 1908ರಲ್ಲಿ ಬಂಟರ ಮಾತೃಸಂಘ. ಯಾರು ಯಾವ ದೇವರಿಗೆ ಕೈ ಮುಗಿದರೂ ಮಕ್ಕಳ ಫೀಸಿಗೆ ಕೈ ಜೋಡಿಸುವ ಅಭ್ಯಾಸ ಈ ಮಣ್ಣಿನದ್ದು. ಚರ್ಚಿನ ಲಕೋಟೆ ಅದೇ ಅಭ್ಯಾಸದ ಮುಂದುವರಿಕೆ.

ಈಗ ಲಕೋಟೆಯ ಒಳಗೆ ನೋಡೋಣ. ಈ ಹಣ ಬರುವುದು ಹೆಚ್ಚಾಗಿ ದತ್ತಿನಿಧಿಗಳಿಂದ. ಯಾರೋ ಗಲ್ಫಿನಲ್ಲಿ ದುಡಿದು, ತೀರಿಹೋದ ಅಪ್ಪ ಅಮ್ಮನ ಹೆಸರಿನಲ್ಲಿ 1985ರಲ್ಲಿ ಹತ್ತು ಸಾವಿರ ರೂಪಾಯಿ ಚರ್ಚಿಗೆ ಕೊಟ್ಟರು ಅಂತ ಇಟ್ಟುಕೊಳ್ಳಿ. ಅಸಲು ಮುಟ್ಟಬಾರದು, ಬಡ್ಡಿಯಲ್ಲಿ ವರ್ಷಕ್ಕೊಂದು ಮಗುವಿಗೆ ಸಹಾಯ ಮಾಡಬೇಕು ಅಂತ ಷರತ್ತು. ಆಗ ಬ್ಯಾಂಕಿನ ಬಡ್ಡಿ ನೂರಕ್ಕೆ ಹತ್ತರ ಆಸುಪಾಸು. ಸಾವಿರ ರೂಪಾಯಿ ಬರುತ್ತಿತ್ತು. ಆ ಕಾಲದಲ್ಲಿ ಸಾವಿರ ರೂಪಾಯಿಯಲ್ಲಿ ಕಾಲೇಜಿನ ವರ್ಷದ ಫೀಸು ಕಟ್ಟಿ, ಪುಸ್ತಕ ಕೊಂಡು, ಚಪ್ಪಲಿಯನ್ನೂ ಕೊಳ್ಳಬಹುದಿತ್ತು. ಈಗ? ಅದೇ ಹತ್ತು ಸಾವಿರ, ಬಡ್ಡಿ ಆರೂವರೆ ಅಂತ ಹಿಡಿಯಿರಿ, 650 ರೂಪಾಯಿ. ಖಾಸಗಿ ಕಾಲೇಜಿನ ಸಯನ್ಸ್ ಸೀಟಿನ ಮಾತು ಹತ್ತು ಸಾವಿರಗಳಲ್ಲಿ ನಡೆಯುವಾಗ ಈ 650ಕ್ಕೆ ಯಾವ ಪುಸ್ತಕ ಬಂದೀತು? ಅಸಲು ಮುಟ್ಟಲಿಲ್ಲ, ಸರಿ. ಅಸಲು ತಾನಾಗಿಯೇ ಕರಗಿಹೋಯಿತು! ಎಷ್ಟೋ ನಿಧಿಗಳ ಪಾಸ್‌ಬುಕ್ಕಿನ ಮೇಲಿರುವ ಬ್ಯಾಂಕಿನ ಹೆಸರೂ ಈಗ ಇಲ್ಲ. ವಿಜಯಾ ಬ್ಯಾಂಕ್ 2019ರಲ್ಲಿ ಹೋಯಿತು, ಕಾರ್ಪೊರೇಶನ್ ಮತ್ತು ಸಿಂಡಿಕೇಟ್ 2020ರಲ್ಲಿ ಹೋದವು. ಬ್ಯಾಂಕೇ ಬದಲಾದರೂ ದತ್ತಿನಿಧಿಯ ಮೊತ್ತ ಮಾತ್ರ ಬದಲಾಗಿಲ್ಲ.

ಇನ್ನು ತಾರೀಕಿನ ವಿಷಯ. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವುದು ಮೇ ತಿಂಗಳಲ್ಲಿ. ಪಿಯುಸಿ ಪ್ರವೇಶಕ್ಕೆ ಕಾಲೇಜುಗಳು ಆ ವಾರದಲ್ಲೇ ಅರ್ಜಿ ಕೊಡುತ್ತವೆ, ಆ ತಿಂಗಳಲ್ಲೇ ದುಡ್ಡು ಕೇಳುತ್ತವೆ. ಚರ್ಚಿನ ಸಭೆ ಎಷ್ಟೋ ಕಡೆ ಆಗಸ್ಟ್ 15ರ ಸುಮಾರಿಗೆ. ಆ ದಿನ ಸ್ವಾತಂತ್ರ್ಯೋತ್ಸವವೂ ಹೌದು, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬವೂ ಹೌದು, ಜನ ಹೇಗೂ ಸೇರಿರುತ್ತಾರೆ. ಧ್ವಜಾರೋಹಣ, ಸಿಹಿ, ಮಕ್ಕಳಿಗೆ ಸನ್ಮಾನ, ಎಲ್ಲ ಒಟ್ಟಿಗೆ ಮುಗಿಯುತ್ತದೆ. ಅನುಕೂಲವೇ. ಯಾರಿಗೆ ಅನುಕೂಲ ಅನ್ನುವುದು ಪ್ರಶ್ನೆ.

ಬೀಡಿ ಕಟ್ಟುವ, ಇಲ್ಲವೇ ಗೇರುಬೀಜದ ಕಾರ್ಖಾನೆಗೆ ಹೋಗುವ ಬಾಯಮ್ಮ ಮೇ ತಿಂಗಳಲ್ಲಿ ಏನು ಮಾಡುತ್ತಾರೆ? ಕೈಯ ಬಳೆ ಬಿಚ್ಚಿ ಸೊಸೈಟಿಗೆ ಹೋಗುತ್ತಾರೆ. ಇಪ್ಪತ್ತು ಸಾವಿರ ಸಾಲ, ತಿಂಗಳಿಗೆ ನೂರಕ್ಕೆ ಒಂದು ಬಡ್ಡಿ ಅಂತ ಹಿಡಿದರೆ ಮೂರು ತಿಂಗಳಿಗೆ 600. ಮೇಲೆ ಹೇಳಿದ ದತ್ತಿನಿಧಿಯ ಇಡೀ ವರ್ಷದ ಬಡ್ಡಿ ಈ ಬಳೆಯ ಮೂರು ತಿಂಗಳ ಬಡ್ಡಿಗೆ ಸರಿಹೋಯಿತು, ಐವತ್ತು ರೂಪಾಯಿ ಉಳಿಯಿತು. ವ್ಯಾಪಾರ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಮೇ ತಿಂಗಳ ಸಾವಿರ ರೂಪಾಯಿಯೂ ಆಗಸ್ಟಿನ ಸಾವಿರ ರೂಪಾಯಿಯೂ ಒಂದೇ ಅಲ್ಲ. ಬಳೆಯೇ ಇಲ್ಲದವರ ಮಗ ಆಗಸ್ಟಿನೊಳಗೆ ಯಾವುದೋ ಗ್ಯಾರೇಜಿನಲ್ಲೋ ಮೊಬೈಲ್ ಅಂಗಡಿಯಲ್ಲೋ ಸೇರಿಕೊಂಡಿರುತ್ತಾನೆ. ಅವನ ಹೆಸರು ಸನ್ಮಾನದ ಪಟ್ಟಿಯಲ್ಲಿ ಇರುವುದೇ ಇಲ್ಲ. ಪಟ್ಟಿಯಲ್ಲಿ ಇಲ್ಲವಾದ್ದರಿಂದ ಯಾರೂ ಕೇಳುವುದೂ ಇಲ್ಲ.

ಪಟ್ಟಿಯಲ್ಲಿ ಇರುವವರು ಯಾರು? ಶೇಕಡಾ 85ರ ಮೇಲೆ, 90ರ ಮೇಲೆ ತೆಗೆದವರು. ಅವರ ಶ್ರಮ ದೊಡ್ಡದು, ಚಪ್ಪಾಳೆ ಬೇಕು. ಆದರೆ 95 ತೆಗೆದ ಹುಡುಗಿಯನ್ನು ಕಾಲೇಜಿನವರೇ ಹುಡುಕಿಕೊಂಡು ಬರುತ್ತಾರೆ, ಫೀಸಿನಲ್ಲಿ ರಿಯಾಯಿತಿ ಕೊಡುತ್ತೇವೆ ಅಂತಾರೆ, ಅವಳ ಫೋಟೋ ಹಾಕಿ ಬಸ್ಸಿನ ಹಿಂದೆ ಜಾಹೀರಾತು ಮಾಡುತ್ತಾರೆ. 58 ತೆಗೆದವನನ್ನು ಯಾರು ಹುಡುಕುತ್ತಾರೆ? ಸಂಜೆ ಪೇಪರ್ ಹಾಕಿ, ಭಾನುವಾರ ಕ್ಯಾಟರಿಂಗಿಗೆ ಬಡಿಸಲು ಹೋಗಿ, ಮನೆಯಲ್ಲಿ ಓದಲು ಮೂಲೆ ಇಲ್ಲದೆ 58 ತೆಗೆದಿದ್ದರೆ ಅದೇನು ಸಣ್ಣ ಮಾತೇ? ಹೆಚ್ಚು ಅಂಕಕ್ಕೆ ಕೊಡುವುದು ಬಹುಮಾನ. ವಿದ್ಯಾರ್ಥಿವೇತನ ಅಂದರೆ ಓದು ನಿಲ್ಲದಂತೆ ಕೊಡುವುದು. ಎರಡಕ್ಕೂ ಜಾಗ ಉಂಟು. ಒಂದಕ್ಕೆ ಇನ್ನೊಂದರ ಹೆಸರು ಹಚ್ಚಿದರೆ ಹುಡುಗನಿಗೆ ಸಲ್ಲಬೇಕಾದ್ದು ಹುಡುಗಿಗೆ ಎರಡನೇ ಸಲ ಸಲ್ಲುತ್ತದೆ.

ಸರಕಾರ ಇಲ್ಲವೇ ಅಂತ ಕೇಳುತ್ತೀರಿ. ಉಂಟು. ನಾಡಕಚೇರಿಯಿಂದ ಜಾತಿ ಆದಾಯ ಪತ್ರ, ಅದರ ಆರ್.ಡಿ. ನಂಬರು, ಆಧಾರ್ ಜೋಡಿಸಿದ ಖಾತೆ, ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ. ಎಲ್ಲ ಸರಿಯಿದ್ದರೂ ಹಣ ಬರುವಾಗ ವರ್ಷ ಅರ್ಧ ಕಳೆದಿರುತ್ತದೆ. ಅಲ್ಪಸಂಖ್ಯಾತ ಮಕ್ಕಳಿಗೆ ಕೇಂದ್ರ ಕೊಡುತ್ತಿದ್ದ ಪ್ರಿ-ಮೆಟ್ರಿಕ್ ವಿದ್ಯಾರ್ಥಿವೇತನ 1ರಿಂದ 8ನೇ ತರಗತಿಯವರಿಗೆ 2022-23ರಿಂದ ನಿಂತಿತು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ನಿಜ. ಆದರೆ ನಮ್ಮ ಹಳ್ಳಿ ದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಕಂಡಕ್ಟರ್ ಕೈ ಚಾಚುತ್ತಾನೆ.

ಇನ್ನೊಂದು ಗಂಟು ಉಂಟು, ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಪರಿಶಿಷ್ಟ ಜಾತಿಯ ಪಟ್ಟಿಯ 1950ರ ಆದೇಶದಲ್ಲಿ ಹಿಂದೂಗಳಿಗೆ ಮಾತ್ರ ಜಾಗವಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಕರ್ನಾಟಕ ಅವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಟ್ಟಿದೆ. ಅಂದರೆ ಒಂದೇ ಕಾಲನಿಯ, ಒಂದೇ ಕೂಲಿಯ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬನ ಮಗನಿಗೆ ಸಿಗುವ ವಿದ್ಯಾರ್ಥಿವೇತನ ಚರ್ಚಿಗೆ ಹೋಗುವ ಇನ್ನೊಬ್ಬನ ಮಗನಿಗೆ ಸಿಗುವುದಿಲ್ಲ. ಸರಕಾರ ಬಿಟ್ಟ ಈ ಹುಡುಗನನ್ನು ಹಿಡಿಯಬೇಕಾದ್ದು ಯಾರು? ಅವನು ಪ್ರತಿ ಭಾನುವಾರ ಹಿಂದಿನ ಬೆಂಚಿನಲ್ಲಿ ಕೂರುವ ಚರ್ಚೇ ಅಲ್ಲವೇ?

ಚರ್ಚಿಗೆ ಒಂದು ಅನುಕೂಲ ಉಂಟು, ಅದು ಯಾವ ಪೋರ್ಟಲಿಗೂ ಇಲ್ಲ. ಅದಕ್ಕೆ ಮನೆಗಳು ಗೊತ್ತು. ವಾಳೆಯ ಗುರ್ಕಾರನಿಗೆ ಯಾರ ಮನೆಯಲ್ಲಿ ಯಜಮಾನ ಹಾಸಿಗೆ ಹಿಡಿದಿದ್ದಾನೆ, ಯಾರ ಸಾಲ ಎಷ್ಟು ಅನ್ನುವುದು ಬಾಯಿಪಾಠ. ಸಂತ ವಿನ್ಸೆಂಟ್ ಡಿ ಪೌಲ್ ಸಭೆಯವರು ಮನೆಮನೆಗೆ ಹೋಗಿ, ಹೆಸರು ಹೊರಗೆ ಹಾಕದೆ, ಅಕ್ಕಿ ಔಷಧಿ ಮುಟ್ಟಿಸುವುದು ಹೊಸದಲ್ಲ. ಆ ಸಭೆ ಹುಟ್ಟಿದ್ದು 1833ರಲ್ಲಿ ಪ್ಯಾರಿಸ್ಸಿನಲ್ಲಿ. ಕಟ್ಟಿದವರಲ್ಲಿ ಮುಖ್ಯನಾದ ಒಜಾನಾಂಗೆ ಆಗ ಇಪ್ಪತ್ತು ವರ್ಷ, ಅವನೇ ಕಾಲೇಜು ವಿದ್ಯಾರ್ಥಿ! ಅಕ್ಕಿಗೆ ಇರುವ ಈ ಗುಟ್ಟು ಫೀಸಿಗೆ ಯಾಕಿಲ್ಲ? ಹದಿನಾರರ ಹುಡುಗ ಬೇಕಾದರೆ ಓದು ಬಿಟ್ಟಾನು, ಆದರೆ ಗೆಳೆಯರ ಮುಂದೆ ‘ಬಡ ವಿದ್ಯಾರ್ಥಿ’ ಅಂತ ಮೈಕಿನಲ್ಲಿ ಕರೆಸಿಕೊಂಡು ವೇದಿಕೆ ಹತ್ತಲಾರ.

ಪಾಲನಾ ಪರಿಷತ್ತಿನವರ ಕಷ್ಟವೂ ನನಗೆ ಗೊತ್ತು. ಅಂಕ ನೋಡಿ ಕೊಟ್ಟರೆ ಜಗಳ ಇಲ್ಲ, ಅಂಕಪಟ್ಟಿ ಮಾತಾಡುತ್ತದೆ. ಕಷ್ಟ ನೋಡಿ ಕೊಟ್ಟರೆ ಮರುದಿನವೇ ಶುರು: ‘ಅವರ ಮನೆಯಲ್ಲಿ ಬೈಕ್ ಉಂಟಲ್ಲ, ಟೀವಿ ಉಂಟಲ್ಲ, ನಮ್ಮ ಮಗಳಿಗೆ ಯಾಕಿಲ್ಲ?’ ಈ ರಗಳೆ ಬೇಡ ಅಂತಲೇ ಎಷ್ಟೋ ಕಡೆ ಎಲ್ಲರಿಗೂ ಸಮನಾಗಿ ಐನೂರು, ಸಾವಿರ ಹಂಚಿ ಕೈ ತೊಳೆಯುತ್ತಾರೆ. ಹಾಗೆ ಹಂಚಿದ್ದು ಬಿಸ್ಕತ್ತಾಗುತ್ತದೆ, ಫೀಸಾಗುವುದಿಲ್ಲ. ಇಪ್ಪತ್ತೈದು ಮಕ್ಕಳಿಗೆ ಸಾವಿರದಂತೆ ಕೊಡುವ ಬದಲು ಇಬ್ಬರ ಫೀಸನ್ನು ಕಾಲೇಜಿನ ಖಾತೆಗೇ ಕಟ್ಟಿ, ಮುಂದಿನ ವರ್ಷವೂ ಅವರ ಬೆನ್ನಿಗೆ ನಿಂತರೆ ಇಬ್ಬರು ದಡ ಸೇರುತ್ತಾರೆ. ಸಣ್ಣ ದತ್ತಿನಿಧಿಗಳನ್ನು ದಾನಿಗಳ ಮನೆಯವರ ಒಪ್ಪಿಗೆ ಪಡೆದು ಒಂದೇ ನಿಧಿ ಮಾಡಬಹುದು. ಹೆಸರುಗಳು ಹಲಗೆಯ ಮೇಲೆ ಹಾಗೇ ಇರಲಿ. ಹಿಂದೆ ಇದೇ ಲಕೋಟೆ ತೆಗೆದುಕೊಂಡು ಓದಿ ಈಗ ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವವರನ್ನು ಒಂದು ಮಾತು ಕೇಳಿದ್ದುಂಟೇ? ಪಿಗ್ಮಿ ಕಲೆಕ್ಟರನಿಗೆ ದಿನಾ ಚಿಲ್ಲರೆ ಎಣಿಸಿ ಕೊಟ್ಟು ಬ್ಯಾಂಕುಗಳನ್ನೇ ಬೆಳೆಸಿದ ಊರು ಇದು.

ಇದು ಚರ್ಚುಗಳಿಗೆ ಮಾತ್ರ ಹೇಳಿದ್ದಲ್ಲ ಅಂತ ಓದುಗರು ತಿಳಿದಿದ್ದಾರೆ. ಜಾತಿ ಸಂಘಗಳ ಪ್ರತಿಭಾ ಪುರಸ್ಕಾರ, ದೇವಸ್ಥಾನದ ಸಮಿತಿ, ಜಮಾತು, ಯುವಕ ಮಂಡಲ, ಎಲ್ಲ ಕಡೆಯೂ ಶಾಲು ಒಂದೇ ಅಳತೆಯದ್ದು, ತಾರೀಕೂ ಅದೇ.

ಒಂದು ಚರ್ಚಿನ ಖಜಾಂಚಿಯವರನ್ನು ಅವರ ಅಂಗಡಿಯಲ್ಲೇ ಕೇಳಿದೆ: ‘ಈ ಸಭೆಯನ್ನು ಮೇ ತಿಂಗಳಲ್ಲೇ ಮಾಡಬಾರದಾ ಮಾರಾಯ್ರೇ?’ ಅವರು ತಕ್ಕಡಿಯಿಂದ ತಲೆ ಎತ್ತದೆ ಹೇಳಿದರು: ‘ಮೇ ತಿಂಗಳು ಪೂರ್ತಿ ಮದುವೆ ಸೀಸನ್. ಹಾಲ್ ಸಿಗುವುದಿಲ್ಲ.’

‘ಚೆಕ್ ಬರೆಯಲಿಕ್ಕೆ ಹಾಲ್ ಎಂತಕ್ಕೆ?’ ಅಂದೆ.

ಒಣಮೆಣಸು ತೂಗುತ್ತಿದ್ದ ಕೈ ಒಂದು ಗಳಿಗೆ ನಿಂತಿತು. ‘ಮುಂದಿನ ಮೀಟಿಂಗಿನಲ್ಲಿ ಇಡುತ್ತೇನೆ’ ಅಂದರು. ಮೀಟಿಂಗ್ ಯಾವಾಗ ಅಂತ ಕೇಳುವಷ್ಟರಲ್ಲಿ ನನ್ನ ಬಸ್ ಬಂತು.