ಕೃತಜ್ಞತೆಯನ್ನು ಕತ್ತರಿಸಿ ಅಂಟಿಸಬಹುದೇ?



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಕರೆ ಮಾಡಿ, "ಟೀಚರ್, ಬೆಳೆಯ ಹಬ್ಬಕ್ಕೆ ಮೊದಲು ಸಂಡೇ ಸ್ಕೂಲಿನ ಮಕ್ಕಳಿಗೆ ಕೃತಜ್ಞತೆಯ ಪಾಠ ಮಾಡಬೇಕಾಗಿದೆ. ಏನಾದರೂ ಕ್ರಾಫ್ಟ್ ಹೇಳಿ" ಎಂದು ಕೇಳಿದಳು. ಅಂತರಜಾಲದಿಂದ ಇಳಿಸಿಕೊಂಡ ಕೆಲವು ಹಾಳೆಗಳನ್ನು ವಾಟ್ಸಾಪ್‌ನಲ್ಲಿ ಕಳುಹಿಸಿಯೂ ಇದ್ದಳು. ಒಂದರಲ್ಲಿ ಟರ್ಕಿ ಕೋಳಿಯ ಚಿತ್ರ. ಅದರ ಒಂದೊಂದು ಗರಿಯ ಮೇಲೂ ಮಗು ತಾನು ಪಡೆದ ಒಂದೊಂದು ವರವನ್ನು ಬರೆಯಬೇಕು. ಇನ್ನೊಂದರಲ್ಲಿ ದೊಡ್ಡ ಕುಂಬಳಕಾಯಿ, ಕೆಂಪಗಾದ ಮೇಪಲ್ ಎಲೆಗಳು. ಅಮೆರಿಕದವರು ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಆಚರಿಸುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಅಲಂಕಾರಗಳು ಇವು.

ಟರ್ಕಿ ಕೋಳಿಯ ಮೇಲೆ ನನಗೇನೂ ಸಿಟ್ಟಿಲ್ಲ. ಅದರ ನಾಡಿನಲ್ಲಿ ಅದಕ್ಕೆ ಅರ್ಥವಿದೆ. ಆದರೆ ನಮ್ಮ ಕರಾವಳಿಯ ಮಗುವಿಗೆ ಅದು ಯಾಕೆ? ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಕಥೋಲಿಕ ಮಕ್ಕಳು ಮರಿಯಮ್ಮನವರಿಗೆ ಹೂ ಅರ್ಪಿಸುತ್ತಾರೆ, ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು ಹೊಸಕ್ಕಿಯ ಊಟ ಮಾಡುತ್ತಾರೆ. ನೆರೆಯ ಹಿಂದೂ ಮನೆಗಳಲ್ಲಿ ಕದಿರು ಕಟ್ಟುತ್ತಾರೆ. ನಮ್ಮ ಸಭೆಗಳಲ್ಲಿ ಬೆಳೆಯ ಹಬ್ಬದಂದು ಬಾಳೆಗೊನೆ, ತೆಂಗಿನಕಾಯಿ, ಸೌತೆಕಾಯಿಗಳನ್ನು ದೇವಾಲಯಕ್ಕೆ ತಂದಿಟ್ಟು, ಆರಾಧನೆಯ ನಂತರ ನಗುನಗುತ್ತಾ ಹರಾಜು ಕೂಗುತ್ತಾರೆ. ಇಷ್ಟೆಲ್ಲ ಕಣ್ಣೆದುರಿಗೆ ಇರುವಾಗ ಮೇಪಲ್ ಎಲೆಗೆ ಬಣ್ಣ ಹಚ್ಚುವುದೇ?

ಆದರೆ ನನ್ನ ಮುಖ್ಯ ಆಕ್ಷೇಪ ಇದಲ್ಲ. ಆ ಹಾಳೆಗಳಲ್ಲಿ ಕೆಲಸವೆಲ್ಲ ಮೊದಲೇ ಮುಗಿದುಹೋಗಿದೆ. ರೇಖೆಗಳನ್ನು ಯಾರೋ ಎಳೆದಿದ್ದಾರೆ; ಹಿರಿಯರು ಹಿಂದಿನ ರಾತ್ರಿ ಕುಳಿತು ಕತ್ತರಿಸಿಟ್ಟಿರುತ್ತಾರೆ; ಮಗುವಿನ ಪಾಲಿಗೆ ಉಳಿಯುವುದು ಅಂಟು ಹಚ್ಚುವುದು ಮಾತ್ರ. ಹಿಂದೆ ಹೆಸರು ಬರೆಯದಿದ್ದರೆ ಯಾರ ಕೋಳಿ ಯಾವುದೆಂದು ಯಾರಿಗೂ ತಿಳಿಯದು.

'ಕೃತಜ್ಞ' ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಬಲ್ಲವನು. ತನಗಾಗಿ ಮಾಡಿದ್ದನ್ನು ಅರಿತವನು ಕೃತಜ್ಞ. ಬಾಯಿ ಬಿಟ್ಟು ಹೇಳುವುದು ಆಮೇಲಿನ ಮಾತು. ತನ್ನ ಕೈಯಿಂದ ಏನನ್ನೂ ಮಾಡಿ ನೋಡದ ಮಗು, ಇನ್ನೊಬ್ಬರು ಮಾಡಿದ್ದನ್ನು ಅರಿಯುವುದಾದರೂ ಹೇಗೆ? ಮಣ್ಣಿನ ಬಟ್ಟಲೊಂದು ಮೂರು ಬಾರಿ ಕುಸಿದು ನಾಲ್ಕನೆಯ ಬಾರಿ ನಿಂತಾಗ, ಮನೆಯ ಗಡಿಗೆಯನ್ನು ಆ ಮಗು ನೋಡುವ ದೃಷ್ಟಿಯೇ ಬೇರೆಯಾಗುತ್ತದೆ. ಕೈಕಸುಬೇ ಶಿಕ್ಷಣದ ಕೇಂದ್ರವಾಗಬೇಕೆಂದು ಗಾಂಧೀಜಿಯವರು 1937ರ ವಾರ್ಧಾ ಸಮ್ಮೇಳನದಲ್ಲಿ ಮಂಡಿಸಿದ ವಿಚಾರವನ್ನು ಬಿ.ಎಡ್. ಪರೀಕ್ಷೆಗಾಗಿ ನಾನು ಬಾಯಿಪಾಠ ಮಾಡಿ ಒಳ್ಳೆಯ ಅಂಕವನ್ನೂ ಪಡೆದಿದ್ದೆ. ಅರ್ಥವಾದದ್ದು ಬಹಳ ವರ್ಷಗಳ ನಂತರ, ಒಂದು ಚಿಕ್ಕ ಹುಡುಗಿಯಿಂದ.

ಅದು 1996ನೆಯ ಇಸವಿ. ವಾರವೆಲ್ಲ ಹೈಸ್ಕೂಲು, ಭಾನುವಾರ ಸಂಡೇ ಸ್ಕೂಲು ಎಂದು ಓಡಾಡುತ್ತಿದ್ದ ಕಾಲ. ಲೂಕನ ಸುವಾರ್ತೆಯ ಹದಿನೇಳನೆಯ ಅಧ್ಯಾಯದಲ್ಲಿ ಬರುವ ಹತ್ತು ಮಂದಿ ಕುಷ್ಠರೋಗಿಗಳ ಕಥೆಯನ್ನು ಪಾಠಕ್ಕೆ ಆರಿಸಿಕೊಂಡಿದ್ದೆ. ಸಮಾರ್ಯ ಗಲಿಲಾಯಗಳ ಗಡಿಯಲ್ಲಿ ಹತ್ತು ಮಂದಿ ದೂರದಲ್ಲೇ ನಿಂತು ಯೇಸುವನ್ನು ಕೂಗಿ ಕರೆಯುತ್ತಾರೆ. ಯಾಜಕರಿಗೆ ಮೈ ತೋರಿಸಿಕೊಳ್ಳಿರೆಂದು ಆತನು ಕಳುಹಿಸುತ್ತಾನೆ. ದಾರಿಯಲ್ಲೇ ಅವರು ಶುದ್ಧರಾಗುತ್ತಾರೆ. ಒಬ್ಬನು ಮಾತ್ರ ಹಿಂದಿರುಗಿ ಬಂದು ಪಾದಕ್ಕೆ ಬೀಳುತ್ತಾನೆ. ಅವನು ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು. ನಾನು ರಟ್ಟಿನಲ್ಲಿ ಹತ್ತು ಬೊಂಬೆಗಳನ್ನು ಕತ್ತರಿಸಿಕೊಂಡು ಹೋಗಿದ್ದೆ, ಮೇಲೆ ಅಂಟಿಸಲು ಕೆಂಪು ಕಾಗದದ ಚುಕ್ಕೆಗಳು. ಮಕ್ಕಳು ಚುಕ್ಕೆ ಅಂಟಿಸಬೇಕು, ಕಥೆಯಲ್ಲಿ ಗುಣವಾದೊಡನೆ ಕಿತ್ತು ತೆಗೆಯಬೇಕು. ಬಹಳ ಚೆನ್ನಾದ ಉಪಾಯವೆಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಮಕ್ಕಳು ಗುಣಪಡಿಸುವುದರಲ್ಲಿ ಮಗ್ನರಾದರು. ಮೂಲೆಯಲ್ಲಿ ಕುಳಿತಿದ್ದ ಮೂರನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ ಚುಕ್ಕೆಗಳನ್ನು ಮುಟ್ಟಲಿಲ್ಲ. ಬೊಂಬೆಯ ಎರಡೂ ಕೈಗಳ ತುದಿಯನ್ನು ಹಿಂದಕ್ಕೆ ಮಡಚಿ ಕುಳಿತಿದ್ದಳು. "ಕೊಟ್ಟದ್ದನ್ನು ಹಾಳು ಮಾಡುತ್ತೀಯಾ?" ಎಂದು ನಾನು ಗದರಿದೆ. ಅವಳು ತಲೆ ತಗ್ಗಿಸಿಯೇ ಹೇಳಿದಳು: "ನಮ್ಮ ಅಜ್ಜಿಗೆ ಕಲೆ ಹೋಯಿತು ಟೀಚರ್. ಬೆರಳು ಮಾತ್ರ ಬರಲಿಲ್ಲ."

ಪಕ್ಕದಲ್ಲಿದ್ದ ಇಬ್ಬರು ಹುಡುಗಿಯರು ಮೆಲ್ಲನೆ ಸರಿದು ಕುಳಿತರು. ಅದನ್ನೂ ನಾನು ನೋಡಿದೆ. ಏನು ಹೇಳಬೇಕೆಂದು ಆ ಕ್ಷಣದಲ್ಲಿ ತಿಳಿಯಲಿಲ್ಲ, ಏನೂ ಹೇಳಲಿಲ್ಲ. ಇಂದಿಗೂ ನನ್ನನ್ನು ಚುಚ್ಚುವುದು ಆ ಮೌನವೇ. ಔಷಧಗಳು ರೋಗಾಣುಗಳನ್ನು ಕೊಲ್ಲುತ್ತವೆ, ಆದರೆ ಅಷ್ಟರಲ್ಲಿ ಸತ್ತುಹೋದ ನರಗಳು ಮರಳಿ ಬಾರವು ಎಂಬುದು ನನಗೆ ಗೊತ್ತಿತ್ತು. ಚಿಕಿತ್ಸೆ ಪಡೆದವರಿಂದ ರೋಗ ಹರಡುವುದಿಲ್ಲವೆಂಬುದೂ ಗೊತ್ತಿತ್ತು. ಬೈಬಲಿನಲ್ಲಿ ಆ ಹೆಸರಿನಿಂದ ಕರೆದಿರುವುದು ಹಲವು ಬಗೆಯ ಚರ್ಮರೋಗಗಳನ್ನು ಎಂಬುದನ್ನೂ ಓದಿದ್ದೆ. ಗೊತ್ತಿದ್ದದ್ದನ್ನೆಲ್ಲ ಬದಿಗಿಟ್ಟು, ಕೆಂಪು ಚುಕ್ಕೆಯನ್ನು ಕಿತ್ತರೆ ಕಥೆ ಮುಗಿಯಿತೆಂದು ಕಲಿಸುತ್ತಿದ್ದೆ. ವಿವಾಹ ವಿಚ್ಛೇದನಕ್ಕೆ ಕುಷ್ಠರೋಗವೂ ಒಂದು ಕಾರಣವೆಂಬ ಮಾತನ್ನು ನಮ್ಮ ದೇಶದ ಕಾನೂನುಗಳಿಂದ ತೆಗೆದುಹಾಕಿದ್ದು 2019ರಲ್ಲಿ ಎಂಬುದನ್ನು ನೆನೆದರೆ, ಆ ಹುಡುಗಿ ಅಂದು ಎಷ್ಟು ಧೈರ್ಯದಿಂದ ಮಾತನಾಡಿದಳೆಂದು ಆಶ್ಚರ್ಯವಾಗುತ್ತದೆ.

ಮುಂದಿನ ವಾರ ಅವಳ ಮನೆಗೆ ಹೋದೆ. ಅಜ್ಜಿ ಜಗಲಿಯಲ್ಲಿ ಕುಳಿತು, ಮಡಚಿದ ಬೆರಳುಗಳ ನಡುವೆ ಕತ್ತಿಯನ್ನು ಸಿಕ್ಕಿಸಿಕೊಂಡು ತೆಂಗಿನ ಗರಿಯ ಕಡ್ಡಿ ಕೀಸುತ್ತಿದ್ದರು. ತನಗೆ ಔಷಧ ಕೊಟ್ಟ ಆಸ್ಪತ್ರೆಗೆ ಪ್ರತಿ ವರ್ಷ ಎರಡು ಹಿಡಿಸೂಡಿ ಕಟ್ಟಿ ಕಳುಹಿಸುತ್ತಾರಂತೆ. "ಥ್ಯಾಂಕ್ಸ್ ಅಂತ ಹೇಳಲು ನನಗೆ ನಾಚಿಕೆ ಮಾರಾಯ್ತಿ. ಅಲ್ಲಿ ಗುಡಿಸುವುದಕ್ಕಾದರೂ ಆಗಲಿ" ಎಂದರು. ನಾನು ಕ್ಷಮೆ ಕೇಳಲು ಹೋದವಳು ಚಹಾ ಕುಡಿದು ಬಂದೆ.

ಆ ಬಳಿಕ ಈ ಕಥೆಯನ್ನು ನಾನು ಮಣ್ಣಿನಲ್ಲಿ ಮಾಡಿಸತೊಡಗಿದೆ. ಹತ್ತು ಮಂದಿಯನ್ನು ಹತ್ತು ಮಕ್ಕಳು ಮಾಡಬೇಕು. ಮಾಡಿದವರು ತಮ್ಮ ಬೊಂಬೆ ಎಲ್ಲಿಂದ ಬಂದಿತು, ಈಗ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಹೇಳಬೇಕು. ಆಗ ಸಿಕ್ಕಿದ ಉತ್ತರಗಳನ್ನು ಯಾವ ಉಪದೇಶಿಯೂ ಕೊಟ್ಟಿರಲಾರರು. ಒಬ್ಬ ಹುಡುಗನ ಬೊಂಬೆ ಹೆಂಡತಿಯನ್ನು ನೋಡಲು ಓಡಿತ್ತು. ಇನ್ನೊಬ್ಬ, "ಯಾಜಕರ ಬಳಿ ಹೋಗಿ ಎಂದು ಯೇಸುವೇ ಹೇಳಿದ್ದಲ್ಲವೇ ಟೀಚರ್? ಇವನು ಹೇಳಿದ ಮಾತು ಕೇಳಿದ್ದಾನೆ" ಎಂದು ವಾದಿಸಿದ. ವಾದ ಸರಿಯೇ ಇದೆ. ಒಂಬತ್ತು ಮಂದಿ ಎಲ್ಲಿ ಎಂದು ಆತನು ಕೇಳಿದನೇ ಹೊರತು, ಅವರ ರೋಗ ಮರಳಿ ಬಂತೆಂದು ಲೂಕನು ಎಲ್ಲಿಯೂ ಬರೆದಿಲ್ಲ.

ಇದನ್ನು ನಾವು ದೊಡ್ಡವರು ಮರೆಯುತ್ತೇವೆ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಉಚಿತ ಪುಸ್ತಕ ಪಡೆದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ದಾನಿಗಳ ಮುಂದೆ ಒಬ್ಬೊಬ್ಬರಿಂದಲೂ ವಂದನೆ ಹೇಳಿಸಿ ಫೋಟೋ ತೆಗೆಸುತ್ತಿದ್ದೆವು. ಸಾಲನ್ನು ನೇರ ಮಾಡುತ್ತಿದ್ದವಳು ನಾನೇ. ಆ ಮಕ್ಕಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮಿಂದ ನಾವು ಪಡೆದದ್ದು ಕೃತಜ್ಞತೆಯಲ್ಲ, ಬಾಗಿದ ತಲೆ ಮಾತ್ರ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಬೆಳೆಯ ಹಬ್ಬಕ್ಕೆ ಇನ್ನೊಂದು ಒಳ್ಳೆಯ ಪಾಠ ಧರ್ಮೋಪದೇಶಕಾಂಡದ ಇಪ್ಪತ್ತಾರನೆಯ ಅಧ್ಯಾಯದ್ದು. ಪ್ರಥಮಫಲದ ಬುಟ್ಟಿಯನ್ನು ತಂದವನು ತನ್ನ ಹಿರಿಯರು ಅಲೆಮಾರಿಗಳಾಗಿದ್ದದ್ದನ್ನು, ಐಗುಪ್ತದಲ್ಲಿ ದಾಸರಾಗಿ ದುಡಿದದ್ದನ್ನು ಬಾಯಿಬಿಟ್ಟು ಹೇಳಬೇಕು. ಆಮೇಲೆ ತಮ್ಮ ನಡುವಿರುವ ಪರದೇಶಿಯೊಡನೆ ಸೇರಿ ಸಂತೋಷಪಡಬೇಕು. ಮಕ್ಕಳು ತೆಂಗಿನ ಗರಿಯಲ್ಲಿ ಸಣ್ಣ ಬುಟ್ಟಿ ಹೆಣೆಯಲಿ. ಸೊಟ್ಟಗಾದರೆ ಆಗಲಿ. ಅದರಲ್ಲಿಡುವ ಒಂದು ಹಿಡಿ ಅಕ್ಕಿಯನ್ನು ಬೆಳೆದವರು ಯಾರು, ಅಕ್ಕಿ ಮಾಡಿದವರು ಯಾರು ಎಂದು ಮನೆಯಲ್ಲಿ ಕೇಳಿಕೊಂಡು ಬರಲಿ.

ಇದನ್ನೆಲ್ಲ ಹೇಳಿದಾಗ ನನ್ನ ವಿದ್ಯಾರ್ಥಿನಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಲವತ್ತು ಮಕ್ಕಳು, ಒಂದೇ ಗಂಟೆ, ಬಿಳಿ ಅಂಗಿಗಳು, ಮನೆಗೆ ಒಯ್ಯಲು ಚಂದದ ವಸ್ತು ಬೇಕೆನ್ನುವ ತಾಯಂದಿರು. ಅವಳ ಕಷ್ಟ ಸುಳ್ಳಲ್ಲ. ತೀರ ಸಣ್ಣ ಮಕ್ಕಳಿಗೆ ಕತ್ತರಿಸಿ ಕೊಡುವುದರಲ್ಲಿ ತಪ್ಪಿಲ್ಲವೆಂದು ನಾನೂ ರಾಜಿಯಾದೆ. ಕೊನೆಗೆ ಅವಳು ಕೇಳಿದ್ದು, "ಜೇಡಿಮಣ್ಣು ಈಗ ಎಲ್ಲಿ ಸಿಗುತ್ತದೆ ಟೀಚರ್?" ಎಂದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಊರಿನಲ್ಲಿ ಕೇಳಬೇಕಾದ ಪ್ರಶ್ನೆಯೇ ಇದು! ಚೌತಿಗೆ ಗಣಪತಿ ಮಾಡುವವರಲ್ಲಿ ಮಿಕ್ಕಿದ ಮಣ್ಣು ಇದ್ದೀತು, ವಿಚಾರಿಸು ಎಂದೆ. ಮರುದಿನ ಅವಳಿಂದ ಸಂದೇಶ ಬಂತು: ಎರಡು ಬಕೆಟ್ ಸಿಕ್ಕಿದೆ, ಒದ್ದೆ ಬಟ್ಟೆ ಮುಚ್ಚಿಟ್ಟಿದ್ದೇನೆ, ಭಾನುವಾರ ನೀವೂ ಬರಬೇಕು, ಹಳೆಯ ಸೀರೆ ಉಟ್ಟುಕೊಂಡು.