ವಾಹನ ವಿಮೆ ಮತ್ತು ‘ಬಯಸಿದಲ್ಲಿ’ ಎಂಬ ಪದ

ಬೆಳಗಾವಿ, ನಿಪ್ಪಾಣಿ, ಕೊಲ್ಲಾಪುರ, ಸಾತಾರಗಳನ್ನು ಹಿಂದಿಕ್ಕಿ ಪುಣೆಯತ್ತ ಸಾಗಿ ಬರುವ ಹೆದ್ದಾರಿಯು ಕಾತ್ರಜದ ಹೊಸ ಸುರಂಗವನ್ನು ದಾಟಿದೊಡನೆಯೇ ನವಲೆ ಸೇತುವೆಯ ಕಡೆಗೆ ಇಳಿಮುಖವಾಗುತ್ತದೆ. ಉದ್ಯೋಗವನ್ನರಸಿ ಬಂದು ಪುಣೆಯಲ್ಲಿ ನೆಲೆನಿಂತ ಕನ್ನಡ ಕುಟುಂಬಗಳು ಹಬ್ಬಹರಿದಿನಗಳನ್ನು ಊರಿನಲ್ಲಿ ಮುಗಿಸಿಕೊಂಡು ಮರಳುವುದು ಈ ಇಳಿಜಾರಿನ ಮೇಲೆಯೇ. 2022ರ ನವೆಂಬರ್ 20ರ ರಾತ್ರಿ ಭಾರದ ಲಾರಿಯೊಂದು ಹತೋಟಿ ತಪ್ಪಿ ಮುಂದಿದ್ದ ಹತ್ತಾರು ವಾಹನಗಳಿಗೆ ಬಡಿದುದೂ ಇಲ್ಲಿಯೇ. ಅಂಥ ಸರಣಿ ಅಪಘಾತದಲ್ಲಿ ಮೈಗೆ ಗಾಯವಾಗದೆ ಪಾರಾದವನು ಮೊದಲು ದೇವರಿಗೆ ಕೈ ಮುಗಿಯುತ್ತಾನೆ. ಅವನ ಎರಡನೆಯ ಸಂಕಷ್ಟವು ಆರಂಭವಾಗುವುದು ನಜ್ಜುಗುಜ್ಜಾದ ಕಾರು ಗ್ಯಾರೇಜನ್ನು ಸೇರಿದ ಮೇಲೆ. ಗ್ಯಾರೇಜಿನವರು ಬರೆದುಕೊಟ್ಟ ಎಸ್ಟಿಮೇಟಿನ ಮೊತ್ತವೊಂದು, ವಿಮಾ ಕಂಪನಿಯು ಮಂಜೂರು ಮಾಡಿದ ಮೊತ್ತ ಇನ್ನೊಂದು. ಎರಡರ ನಡುವಣ ಅಂತರವನ್ನು ತನ್ನ ಕಿಸೆಯಿಂದ ತುಂಬಿದ ಹೊರತು ಅವನ ಕಾರು ಅವನ ಕೈಗೆ ಬಾರದು.

ಈ ಅಂತರವೆಲ್ಲವೂ ಅನ್ಯಾಯವೆಂದು ಹೇಳುವುದು ಸತ್ಯಕ್ಕೆ ದೂರವಾದ ಮಾತಾದೀತು. 2002ರ ಮೋಟಾರು ಟ್ಯಾರಿಫ್ ನಿಗದಿಗೊಳಿಸಿದ ಸವಕಳಿಯ ದರಗಳು ಇಂದಿನ ಪಾಲಿಸಿಗಳಲ್ಲಿಯೂ ಬಹುಮಟ್ಟಿಗೆ ಹಾಗೆಯೇ ಉಳಿದುಬಂದಿವೆ. ಮೂರು ವರ್ಷ ತುಂಬಿ ನಾಲ್ಕನೆಯದು ನಡೆಯುತ್ತಿರುವ ಕಾರೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪ್ಲಾಸ್ಟಿಕ್ ಬಂಪರಿನ ಬೆಲೆ 12,000 ರೂಪಾಯಿಯಾದರೆ ಅದರಲ್ಲಿ ಅರ್ಧ ಹೋಗುತ್ತದೆ. ಲೋಹದ ಬಾಗಿಲಿಗೆ 16,000 ಆದರೆ ನಾಲ್ಕರಲ್ಲೊಂದು ಪಾಲು, ಅಂದರೆ 4,000, ಕಳೆಯುತ್ತದೆ. ಗಾಜಿಗೆ ಮಾತ್ರ ಸವಕಳಿಯಿಲ್ಲ. ಬಣ್ಣದ ಖರ್ಚು 8,000 ಆಗಿದ್ದಲ್ಲಿ ಅದರ ಕಾಲುಭಾಗವನ್ನು ಸಾಮಗ್ರಿಯ ಬೆಲೆಯೆಂದೆಣಿಸಿ, ಅದರಲ್ಲಿ ಅರ್ಧವನ್ನು, ಎಂದರೆ 1,000 ರೂಪಾಯಿಯನ್ನು, ಕಡಿತಗೊಳಿಸುತ್ತಾರೆ. ಇವೆಲ್ಲದರ ಮೇಲೆ 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕೂ ದೊಡ್ಡದಕ್ಕೆ 2,000 ರೂಪಾಯಿ ಮಾಲೀಕನ ಪಾಲಿಗೆ ಕಡ್ಡಾಯವಾಗಿ ಬೀಳುತ್ತದೆ. ಹೆಚ್ಚಿನ ಪ್ರೀಮಿಯಂ ತೆತ್ತು ‘ಬಂಪರ್ ಟು ಬಂಪರ್’ ಎಂದು ಜನರು ಕರೆಯುವ ರಕ್ಷಣೆಯನ್ನು ಕೊಳ್ಳದಿದ್ದವನು ಈ ಕಡಿತಗಳಿಗಾಗಿ ಕಂಪನಿಯನ್ನು ದೂರಿ ಫಲವಿಲ್ಲ. ಅವು ಅವನೇ ಸಹಿ ಮಾಡಿದ ಕರಾರಿನ ಅಂಗಗಳು.

ನಿಜವಾದ ವ್ಯಾಜ್ಯವು ಹುಟ್ಟುವುದು ಅಂಕಗಣಿತದಿಂದಲ್ಲ, ಅಭಿಪ್ರಾಯದಿಂದ. ಎಡಗಡೆಯ ಬಾಗಿಲಿನ ತಗ್ಗು ಈ ಅಪಘಾತದ್ದಲ್ಲ, ಹಳೆಯ ಪೆಟ್ಟು. ರೇಡಿಯೇಟರಿನ ಆಧಾರಪಟ್ಟಿಯನ್ನು ಬದಲಿಸಬೇಕಾಗಿಲ್ಲ, ಬಡಿದು ನೇರ ಮಾಡಿದರೆ ಸಾಕು. ರಿಪೇರಿಯ ಖರ್ಚು ವಿಮೆಯ ಘೋಷಿತ ಮೌಲ್ಯದ ಶೇಕಡಾ 75ನ್ನು ದಾಟಿಲ್ಲವಾದ್ದರಿಂದ ಇದನ್ನು ‘ಟೋಟಲ್ ಲಾಸ್’ ಎಂದೆಣಿಸಲಾಗದು. ಇಂತಹ ವಾಕ್ಯಗಳನ್ನು ಬರೆಯುವವನು ಸರ್ವೇಯರ್. 1938ರ ವಿಮಾ ಕಾಯಿದೆಯು ಅವನಿಗೆ ಪರವಾನಗಿಯ ಗೌರವವನ್ನೂ, ನಿಷ್ಪಕ್ಷಪಾತದ ಹೊಣೆಯನ್ನೂ ಕೊಟ್ಟಿದೆ. ತಮ್ಮ ಕರ್ತವ್ಯವನ್ನು ಶ್ರದ್ಧೆಯಿಂದ ನಡೆಸುವ ಸರ್ವೇಯರುಗಳು ಬಹುಮಂದಿ ಇದ್ದಾರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅವನನ್ನು ನೇಮಿಸುವವರೂ, ಅವನಿಗೆ ಸಂಭಾವನೆ ಕೊಡುವವರೂ, ಮುಂದಿನ ಕೆಲಸಕ್ಕೆ ಅವನನ್ನು ಕರೆಯಬೇಕಾದವರೂ ಒಬ್ಬರೇ, ವಿಮಾ ಕಂಪನಿಯವರು. 50,000 ರೂಪಾಯಿಗಿಂತ ಕಡಿಮೆಯ ಮೋಟಾರು ನಷ್ಟಕ್ಕಂತೂ ಪರವಾನಗಿಯುಳ್ಳ ಸರ್ವೇಯರನು ಕಡ್ಡಾಯವೇ ಅಲ್ಲ. ಕಂಪನಿಯ ನೌಕರನೇ ಅಂದಾಜು ಮಾಡಬಹುದು. ಸಾಮಾನ್ಯ ಗೃಹಸ್ಥನ ಕ್ಲೇಮುಗಳಲ್ಲಿ ಈ ಮೊತ್ತದೊಳಗಿನವೇ ಎಷ್ಟೋ ಇರುತ್ತವೆ.

ಸರ್ವೇಯರನ ವರದಿಯು ಪರಿಹಾರಕ್ಕೆ ತಳಹದಿಯಾಗಬಹುದಾದರೂ ಅದೇ ಕಟ್ಟಕಡೆಯ ಮಾತಲ್ಲವೆಂದೂ, ಅದು ಕಂಪನಿಯನ್ನಾಗಲಿ ವಿಮೆದಾರನನ್ನಾಗಲಿ ಕಟ್ಟಿಹಾಕಲಾರದೆಂದೂ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ, ನ್ಯೂ ಇಂಡಿಯಾ ಅಶ್ಯೂರೆನ್ಸ್ ಮತ್ತು ಪ್ರದೀಪ್ ಕುಮಾರ್ ಎಂಬವರ ನಡುವಣ ಮೊಕದ್ದಮೆಯಲ್ಲಿ, ಸ್ಪಷ್ಟಪಡಿಸಿತು. ಉದಾತ್ತವಾದ ತೀರ್ಪು. ಆದರೆ ಯಾವ ವರದಿಯನ್ನು ತಾನು ಕಣ್ಣಾರೆ ಕಂಡೇ ಇಲ್ಲವೋ ಆ ವರದಿಯ ಯಾವ ಸಾಲನ್ನು ಒಬ್ಬನು ಖಂಡಿಸಬೇಕು? ವಿಮಾ ನಿಯಂತ್ರಣ ಪ್ರಾಧಿಕಾರವು 2002ರಲ್ಲಿ ಹೊರಡಿಸಿದ ಪಾಲಿಸಿದಾರರ ಹಿತರಕ್ಷಣಾ ನಿಯಮಾವಳಿಯು, ವರದಿಯ ಪ್ರತಿಯನ್ನು ವಿಮೆದಾರನು ‘ಬಯಸಿದಲ್ಲಿ’ ಅವನಿಗೆ ಕೊಡತಕ್ಕದ್ದೆಂದು ವಿಧಿಸಿತು. ಈ ಒಂದು ಪದದಲ್ಲಿಯೇ ಇಡೀ ವ್ಯವಸ್ಥೆಯ ದೌರ್ಬಲ್ಯವು ಅಡಗಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಬಯಸಬಹುದೆಂದು ತಿಳಿಯದವನು ಬಯಸುವುದೆಂತು? ನಿಯಮಗಳು ಆಮೇಲೆ ಎಷ್ಟೋ ಸಲ ಬದಲಾದವು. 2024ರ ಸುತ್ತೋಲೆಯಂತೆ ಸರ್ವೇಯರನು 15 ದಿನಗಳಲ್ಲಿ ವರದಿ ಸಲ್ಲಿಸಬೇಕು, ಅನಂತರ 7 ದಿನಗಳಲ್ಲಿ ಕಂಪನಿಯು ತನ್ನ ನಿರ್ಣಯವನ್ನು ತಿಳಿಸಬೇಕು. ವೇಗವು ಸ್ವಾಗತಾರ್ಹವೇ. ಆದರೆ ವರದಿಯನ್ನು ಕೇಳಿ ಪಡೆಯಬೇಕಾದ ರೂಢಿಯು ಬದಲಾಗದಿದ್ದಲ್ಲಿ, ಕಾರಣ ತಿಳಿಸದ ಕಡಿತವು ಮೊದಲಿಗಿಂತ ಬೇಗ ಬಂದಂತಾಗುವುದಷ್ಟೆ.

ವಂಚನೆಯ ಕ್ಲೇಮುಗಳಿಂದ ತಾವು ಬಳಲುತ್ತಿದ್ದೇವೆಂಬ ಕಂಪನಿಗಳ ದೂರು ನಿರಾಧಾರವಾದುದಲ್ಲ. ಗ್ಯಾರೇಜಿನ ಹೊಸ್ತಿಲಲ್ಲಿ ಕೇಳಿಬರುವ ಮೊದಲ ಪ್ರಶ್ನೆಯೇ ‘ಇನ್ಶೂರೆನ್ಸ್ ಇದೆಯೇ?’ ಎಂಬುದು, ಉತ್ತರವನ್ನನುಸರಿಸಿ ಎಸ್ಟಿಮೇಟು ಹಿಗ್ಗುವುದನ್ನು ಕಾಣದವರು ವಿರಳ. ಇದಕ್ಕೆ ಮದ್ದು ವರದಿಯನ್ನು ಮುಚ್ಚಿಡುವುದಲ್ಲ. ಯಾವ ಭಾಗವನ್ನು ಯಾವ ಕಾರಣದಿಂದ ನಿರಾಕರಿಸಲಾಯಿತೆಂಬುದನ್ನು ಛಾಯಾಚಿತ್ರಸಹಿತವಾಗಿ ಬರೆದು ಮಾಲೀಕನ ಮುಂದಿಟ್ಟರೆ ಗ್ಯಾರೇಜಿನವನ ಉತ್ಪ್ರೇಕ್ಷೆಯೂ ಅಲ್ಲಿಯೇ ಬಯಲಾಗುತ್ತದೆ.

ಬಿಂದುಮಾಧವ ಜೋಶಿಯವರು 1974ರಲ್ಲಿ ಗ್ರಾಹಕ ಪಂಚಾಯತವನ್ನು ಹುಟ್ಟುಹಾಕಿದ ಪುಣೆ ನಗರದಲ್ಲಿ ಮೊರೆಯಿಡುವುದಕ್ಕೆ ಬಾಗಿಲುಗಳಿಲ್ಲವೆಂದಲ್ಲ. ನಾರಾಯಣ ಪೇಠೆಯಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿಯಿದೆ. ಮೊದಲು ಕಂಪನಿಗೆ ಲಿಖಿತವಾಗಿ ದೂರಿತ್ತು ಒಂದು ತಿಂಗಳು ಕಾದು, ಉತ್ತರ ಬಾರದಿದ್ದಲ್ಲಿ ಅಥವಾ ಬಂದ ಉತ್ತರವು ಸಮಾಧಾನಕರವಲ್ಲದಿದ್ದಲ್ಲಿ, ವರ್ಷದೊಳಗೆ ವಕೀಲರ ನೆರವೂ ಶುಲ್ಕವೂ ಇಲ್ಲದೆ ಅಲ್ಲಿ ಅಹವಾಲು ಸಲ್ಲಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಪಾಲಿಸಿಯನ್ನು ಬೆಳಗಾವಿಯಲ್ಲಿ ಕೊಂಡಿದ್ದರೂ, ಕಂಪನಿಯ ಕೇಂದ್ರ ಕಚೇರಿ ಚೆನ್ನೈಯಲ್ಲಿದ್ದರೂ, ಪುಣೆಯಲ್ಲಿ ವಾಸಿಸುವವನು ಪುಣೆಯ ಜಿಲ್ಲಾ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದಾವೆ ಹೂಡಬಹುದು. ಆದರೆ ಎರಡೂ ಕಡೆಗಳಲ್ಲಿ ಅವನು ಉತ್ತರಿಸಬೇಕಾದುದು ಸರ್ವೇಯರನ ವರದಿಗೆ. ರಿಪೇರಿಗೆ ಮುನ್ನ ತೆಗೆದ ಚಿತ್ರಗಳು, ಬಿಚ್ಚಿದ ಭಾಗಗಳು, ಎರಡನೆಯ ಮೆಕ್ಯಾನಿಕನ ಲಿಖಿತ ಅಭಿಪ್ರಾಯ ಇವು ಕೈಯಲ್ಲಿದ್ದರೆ ಅವನ ಮಾತಿಗೆ ಬಲ ಬರುತ್ತದೆ. ವರದಿಯು ತಿಂಗಳುಗಳ ತರುವಾಯ, ಕಾರು ರಿಪೇರಿಯಾಗಿ ಒಡೆದ ಭಾಗಗಳು ಗುಜರಿಗೆ ಸೇರಿದ ಮೇಲೆ, ದೊರೆತರೆ ಅವನು ತೋರಿಸುವುದಾದರೂ ಏನನ್ನು?

ಆದುದರಿಂದ ಪ್ರಾಧಿಕಾರವು ಮಾಡಬೇಕಾದ ಕೆಲಸವು ದೊಡ್ಡದೇನಲ್ಲ. ‘ಬಯಸಿದಲ್ಲಿ’ ಎಂಬ ಷರತ್ತನ್ನು ರೂಢಿಯಿಂದಲೂ ಕಿತ್ತುಹಾಕಿ, ಸರ್ವೇಯರನ ಅಥವಾ ಕಂಪನಿಯ ನೌಕರನ ವರದಿಯು ಕಂಪನಿಯನ್ನು ತಲುಪಿದ ದಿನವೇ ಮಾಲೀಕನನ್ನೂ ತಲುಪತಕ್ಕದ್ದೆಂದು ಆಜ್ಞಾಪಿಸಬೇಕು. ಕಾರು ಬಿಡಿಸಿಕೊಳ್ಳುವ ದಿನ ಗ್ಯಾರೇಜಿನ ಮೇಜಿನ ಮೇಲೆ ಅವನ ಮುಂದೆ ಚಾಚುವ ‘ಸ್ಯಾಟಿಸ್‌ಫ್ಯಾಕ್ಷನ್ ವೋಚರ್’ ಎಂಬ ಕಾಗದವುಂಟಲ್ಲ, ಬಲವಂತದಿಂದಲೋ ವಂಚನೆಯಿಂದಲೋ ಪಡೆದ ಅಂತಹ ವೋಚರಿನ ಸಹಿಯು ಮುಂದಿನ ದಾವೆಗೆ ಅಡ್ಡಿಯಾಗದೆಂದು ಸರ್ವೋಚ್ಚ ನ್ಯಾಯಾಲಯವೇ 1999ರಲ್ಲಿ ಹೇಳಿದೆ. ಆ ಕಾಗದಕ್ಕೆ ಸಹಿ ಹಾಕುವ ಮುನ್ನ ವರದಿಯನ್ನು ಓದಲು ಅವನಿಗೆ ಒಂದು ರಾತ್ರಿಯ ಅವಕಾಶವಾದರೂ ಇರಲಿ.