ಮನೆಯ ಬೆಳಕು, ಕಂಬದ ಮೇಲಿನ ಜೀವ

ಲಿಂಗನಮಕ್ಕಿ, ಮಾಣಿ, ಚಕ್ರಾ, ಸಾವೆಹಕ್ಲು ಜಲಾಶಯಗಳಿಗೆ ನೆಲ ಬಿಟ್ಟುಕೊಟ್ಟ ಹೊಸನಗರ ಸೀಮೆಗೆ ಮಳೆಗಾಲದ ಕತ್ತಲೆ ಇಂದಿಗೂ ತಪ್ಪಿಲ್ಲ. ಮರ ಬಿದ್ದು ತಂತಿ ಹರಿದಾಗ ಬ್ಯಾಟರಿಯ 12 ವೋಲ್ಟನ್ನು 230ಕ್ಕೆ ಏರಿಸುವ ಇನ್ವರ್ಟರನ್ನು ಸ್ವತಃ ಜೋಡಿಸಿಕೊಳ್ಳುವ ಸ್ವಾವಲಂಬನೆ ಮೆಚ್ಚತಕ್ಕದ್ದೇ.

ಆದರೆ ಅದನ್ನು ನೇರವಾಗಿ ಮನೆಯ ವೈರಿಂಗಿಗೆ ಸೇರಿಸಿದರೆ ವಿದ್ಯುತ್ತು ಮೀಟರು ದಾಟಿ ಹೊರಗಿನ ತಂತಿಗೆ ಹರಿಯಬಹುದು. ಊರಿನ ಟ್ರಾನ್ಸ್‌ಫಾರ್ಮರನ್ನು ಹಿಮ್ಮುಖವಾಗಿ ಹೊಕ್ಕರೆ 11,000 ವೋಲ್ಟಿನವರೆಗೂ ಏರಬಲ್ಲದು. ಲೈನು ಬಂದಾಗಿದೆಯೆಂದು ನಂಬಿ, ಸುರಿಮಳೆಯಲ್ಲಿ ಕಂಬವೇರಿದ ಲೈನ್‌ಮನ್‌ಗೆ ಅದೇ ಮೃತ್ಯುವಾದೀತು.

ಫೇಸ್, ನ್ಯೂಟ್ರಲ್ ಎರಡನ್ನೂ ಹೊರಗಿನ ಲೈನಿನಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ಚನ್ನು ಬಲ್ಲ ಎಲೆಕ್ಟ್ರಿಷಿಯನ್ನರಿಂದ ಹಾಕಿಸಿದ ಮೇಲೆಯೇ ಇನ್ವರ್ಟರ್ ಚಾಲೂ ಆಗಬೇಕು. ಅಲ್ಲಿಯವರೆಗೆ ಬ್ಯಾಟರಿಯಿಂದಲೇ ನೇರವಾಗಿ ಉರಿಯುವ 12 ವೋಲ್ಟಿನ ಎಲ್‌ಇಡಿ ದೀಪ ಸಾಕು. ನಮ್ಮ ಮನೆಗೆ ಬೆಳಕು ತರಲು ಬರುವವನ ಮನೆ ಕತ್ತಲಾಗಬಾರದು.